ಡಾಕ್ಟರನ್ನು ಯಾವಾಗ ಎಬ್ಬಿಸಬೇಕು? ಮಕ್ಕಳ ವಾರ್ಡಿನ ಹೊಸ ನರ್ಸಿಗೆ ಒಂದು ಉತ್ತರ

ಪ್ರಶ್ನೆ: ನರ್ಸಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಮಕ್ಕಳ ವಾರ್ಡಿಗೆ ಹಾಕಿದ್ದಾರೆ. ಫಿಟ್ಸ್, ಮೆದುಳು ಜ್ವರ, ತಲೆಗೆ ಪೆಟ್ಟು, ಜೊತೆಗೆ ಭೇದಿ, ನ್ಯುಮೋನಿಯಾ, ಎಲ್ಲ ಒಟ್ಟಿಗೇ ಬರುತ್ತವೆ. ಪುಸ್ತಕದಲ್ಲಿ ಒಂದೊಂದು ಕಾಯಿಲೆಗೂ ಉದ್ದುದ್ದ ಪಟ್ಟಿ ಇದೆ. ಆದರೆ ಹಾಸಿಗೆ ಪಕ್ಕ ನಿಂತಾಗ ಮೊದಲು ಏನು ನೋಡಬೇಕು ಅಂತ ತೋಚುವುದಿಲ್ಲ. ಮಾತೇ ಬಾರದ ಕೂಸಿಗೆ ಜಿಸಿಎಸ್ (ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್) ಹಾಕುವುದು ಹೇಗೆ? ರಾತ್ರಿ ಡ್ಯೂಟಿಯಲ್ಲಿ ಡಾಕ್ಟರನ್ನು ಯಾವಾಗ ಕರೆಯಬೇಕು, ಯಾವಾಗ ಕಾಯಬಹುದು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರೊಳಗೇ ಇದೆ. ಒಂದು ಗಂಟೆ ಹಿಂದೆ ಇದ್ದ ಹಾಗೆ ಮಗು ಈಗ ಇಲ್ಲ ಅಂತ ಅನ್ನಿಸಿದರೆ ಕರೆಯಿರಿ. ಮಾನಿಟರಿನಲ್ಲಿ ಎಲ್ಲ ಅಂಕಿಗಳೂ ಸರಿಯಾಗೇ ಇದ್ದರೂ ಕರೆಯಿರಿ. ಮೆದುಳಿಗೆ ತೊಂದರೆಯಾದರೆ ಅದು ಮೊದಲು ಕಾಣುವುದು ಮಗು ನೋಡುವ, ಅಳುವ, ಎಚ್ಚರಗೊಳ್ಳುವ ರೀತಿಯಲ್ಲಿ. ಬಿಪಿ, ನಾಡಿ, ಉಸಿರು ಕೆಡುವುದು ಆಮೇಲೆ. ಎಷ್ಟೋ ಸಲ ತುಂಬಾ ಆಮೇಲೆ. ಮಕ್ಕಳ ಬೇರೆ ಕಾಯಿಲೆಗಳಲ್ಲೂ ಇದೇ ಕಥೆ. ಭೇದಿಯಿಂದ ನೀರು ಕಳೆದುಕೊಂಡ ಮಗುವಿನ ಬಿಪಿ ಕೊನೆಯ ತನಕ ಗಟ್ಟಿಯಾಗಿ ನಿಂತಿರುತ್ತದೆ, ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಅಂದರೆ ನಿಮ್ಮ ವಾರ್ಡಿನಲ್ಲಿ ಮಷೀನಿಗಿಂತ ನಿಮ್ಮ ಕಣ್ಣು ಮುಂದಿರಬೇಕು.

ಮೊದಲಿನ ಹಾಗಿಲ್ಲ ಅಂತ ಹೇಳಬೇಕಾದರೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕು, ಅಲ್ವಾ? ಅದಕ್ಕೇ ಡ್ಯೂಟಿ ವಹಿಸಿಕೊಳ್ಳುವುದನ್ನು ನರ್ಸಿಂಗ್ ಸ್ಟೇಷನ್ನಿನ ಕುರ್ಚಿಯಲ್ಲಿ ಕೂತು ಮುಗಿಸಬೇಡಿ. ನರಸಂಬಂಧಿ ತೊಂದರೆ ಇರುವ ಪ್ರತಿ ಮಗುವಿನ ಹಾಸಿಗೆಗೂ ಹಿಂದಿನ ಪಾಳಿಯ ಸಿಸ್ಟರ್ ಜೊತೆ ಹೋಗಿ, ಇಬ್ಬರೂ ಸೇರಿ ಒಮ್ಮೆ ಜಿಸಿಎಸ್ ಹಾಕಿ, ಇಬ್ಬರೂ ಪಾಪೆ ನೋಡಿ. ಅವರು 14 ಅಂದದ್ದು ನಿಮಗೆ 12 ಅನ್ನಿಸಿದರೆ ಅಲ್ಲೇ ಬಗೆಹರಿಯುತ್ತದೆ. ಇಲ್ಲದಿದ್ದರೆ ಮಧ್ಯರಾತ್ರಿ ನೀವು 12 ಬರೆದಾಗ ಮಗು ನಿಜಕ್ಕೂ ಕೆಟ್ಟಿತೋ, ಇಬ್ಬರ ಅಳತೆ ಬೇರೆಯೋ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ತಾಯಿಯನ್ನೂ ಕೇಳಿ. ಇದನ್ನು ಸುಮ್ನೆ ಸೌಜನ್ಯಕ್ಕೆ ಹೇಳುತ್ತಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗು ಆರೋಗ್ಯವಾಗಿದ್ದಾಗಲೂ ಮಾತಾಡದೇ ಇರಬಹುದು, ಒಂದು ಕೈ ಯಾವಾಗಲೂ ಬಿಗಿಯಾಗೇ ಇರಬಹುದು. ಅದರ ಮಾಮೂಲಿ ಸ್ಥಿತಿ ಏನು ಅಂತ ತಾಯಿಗೆ ಮಾತ್ರ ಗೊತ್ತು. ತಲೆಯಲ್ಲಿ ನೀರು ತುಂಬಿ ಶಂಟ್ (ಆ ನೀರನ್ನು ಹರಿಸುವ ಕೊಳವೆ) ಹಾಕಿಸಿಕೊಂಡ ಮಗು ವಾಂತಿ ಮಾಡಿಕೊಂಡು ಮಂಕಾಗಿ ಬಂದಿದೆ, ತಾಯಿ 'ಹಿಂದಿನ ಸಲ ಶಂಟ್ ಕಟ್ಟಿಕೊಂಡಾಗಲೂ ಹೀಗೇ ಇದ್ದ' ಅನ್ನುತ್ತಿದ್ದಾರೆ ಅಂದರೆ ಆ ಮಾತನ್ನು ಹಾಗೇ ಕೇಸ್ ಶೀಟಿನಲ್ಲಿ ಬರೆದು ಡಾಕ್ಟರಿಗೆ ತಿಳಿಸಿ.

ಇನ್ನು ರಾತ್ರಿ 2 ಗಂಟೆಯ ಆ ಕ್ಷಣ. ತಲೆಗೆ ಪೆಟ್ಟು ಬಿದ್ದು ಅಡ್ಮಿಟ್ ಆದ ಮಗು ಮಲಗಿದೆ. ಅಪ್ಪ 'ಸಿಸ್ಟರ್, ಈಗ ತಾನೇ ನಿದ್ದೆ ಹತ್ತಿದೆ, ಎಬ್ಬಿಸಬೇಡಿ' ಅಂತ ಕೈಮುಗಿಯುತ್ತಾರೆ. ನಿಮಗೂ ಪಾಪ ಅನ್ನಿಸುತ್ತದೆ. ಚಾರ್ಟಿನಲ್ಲಿ 'ಮಲಗಿದೆ' ಅಂತ ಬರೆದು ಮುಂದೆ ಹೋಗಿಬಿಡುವ ಆಸೆ ಆಗುತ್ತದೆ. ಹಾಗೆ ಮಾಡಬೇಡಿ. ನಿದ್ದೆಯೂ ಪ್ರಜ್ಞೆ ತಪ್ಪಿದ್ದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಎಬ್ಬಿಸಿದರೆ ಮಾತ್ರ ಗೊತ್ತಾಗುವುದು. ಹೆಸರು ಹಿಡಿದು ಕರೆಯಿರಿ, ಭುಜ ಅಲ್ಲಾಡಿಸಿ. ಸರಿಯಾಗಿರುವ ಮಗು ಹುಬ್ಬು ಗಂಟಿಕ್ಕುತ್ತದೆ, ನಿಮ್ಮ ಕೈ ತಳ್ಳುತ್ತದೆ, ಅಮ್ಮನನ್ನು ಹುಡುಕುತ್ತದೆ, ನಿಮ್ಮನ್ನು ಕಂಡು ಅಳುತ್ತದೆ. ಅಳು ಬಂದರೆ ಒಳ್ಳೆಯ ಲಕ್ಷಣ ಅಂದುಕೊಳ್ಳಿ. ಕಣ್ಣು ಅರ್ಧ ತೆರೆದು, ಯಾರನ್ನೂ ನೋಡದೆ, ಬಿಟ್ಟ ತಕ್ಷಣ ಮತ್ತೆ ಜಾರಿಹೋದರೆ ಅದನ್ನು ನಿದ್ದೆ ಅಂತ ನಂಬಬೇಡಿ. ಯಾಕೆ ಎಬ್ಬಿಸುತ್ತೇವೆ ಅಂತ ಅಪ್ಪ ಅಮ್ಮನಿಗೆ ಸಂಜೆಯೇ ಹೇಳಿಟ್ಟರೆ ರಾತ್ರಿ ಜಗಳ ಇರುವುದಿಲ್ಲ.

ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನುವುದು ಆರ್ಡರಿನಲ್ಲಿ ಇರುತ್ತದೆ. ತಲೆಪೆಟ್ಟಿಗೆ ಬ್ರಿಟನ್ನಿನ ನೈಸ್ ಮಾರ್ಗಸೂಚಿ ಹೇಳುವುದು ಹೀಗೆ: ಜಿಸಿಎಸ್ 15 ಆಗುವ ತನಕ ಅರ್ಧ ಗಂಟೆಗೊಮ್ಮೆ, 15 ಆದಮೇಲೂ 2 ಗಂಟೆ ಕಾಲ ಅರ್ಧ ಗಂಟೆಗೊಮ್ಮೆ, ಆಮೇಲೆ 4 ಗಂಟೆ ಕಾಲ ಗಂಟೆಗೊಮ್ಮೆ, ಅಲ್ಲಿಂದ ಮುಂದೆ 2 ಗಂಟೆಗೊಮ್ಮೆ. ನಡುವೆ ಎಲ್ಲಾದರೂ ಇಳಿದರೆ ಮತ್ತೆ ಅರ್ಧ ಗಂಟೆಗೆ ವಾಪಸ್.

ಈಗ ಜಿಸಿಎಸ್. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನ್ನೆಟ್ ಇದನ್ನು ಪ್ರಕಟಿಸಿದರು. ಕಣ್ಣಿಗೆ (ಇ) 4, ಮಾತಿಗೆ (ವಿ) 5, ಚಲನೆಗೆ (ಎಂ) 6, ಒಟ್ಟು 15. ಏನೂ ಇಲ್ಲದಿದ್ದರೂ ಕನಿಷ್ಠ 3 ಬರುತ್ತದೆ, ಸೊನ್ನೆ ಅನ್ನುವುದೇ ಇಲ್ಲ. ಬರೀ ಒಟ್ಟು ಮೊತ್ತ ಬರೆಯುವುದು ವಾರ್ಡುಗಳಲ್ಲಿ ನಡೆಯುವ ದೊಡ್ಡ ಸೋಮಾರಿತನ. 11 ಅಂತ ಬರೆದರೆ ಏನರ್ಥ? ಇ4 ವಿ1 ಎಂ6 ಆದರೂ 11, ಇ2 ವಿ4 ಎಂ5 ಆದರೂ 11. ಮೊದಲನೆಯ ಮಗು ಕಣ್ಣು ತೆರೆದು ಹೇಳಿದಂತೆ ಕೈ ಎತ್ತುತ್ತದೆ, ಮಾತು ಮಾತ್ರ ಇಲ್ಲ. ಎರಡನೆಯದು ನೋವು ಮಾಡಿದರೆ ಮಾತ್ರ ಕಣ್ಣು ಬಿಡುತ್ತದೆ. ಎರಡೂ ಒಂದೇನಾ? ಮೂರೂ ಅಂಕಿಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ಉಸಿರಿನ ಟ್ಯೂಬ್ ಹಾಕಿದ್ದರೆ, ಕಣ್ಣು ಊದಿ ಮುಚ್ಚಿಕೊಂಡಿದ್ದರೆ 1 ಕೊಡಬೇಡಿ. ಅಳೆಯಲು ಆಗಲಿಲ್ಲ ಅಂತ ಬರೆದು ಕಾರಣವನ್ನೂ ಹಾಕಿ.

ಮಾತು ಬಾರದ ಕೂಸಿಗೆ ಕಣ್ಣಿನ ಭಾಗ ದೊಡ್ಡವರ ಹಾಗೇ. ಮಾತಿನ ಜಾಗದಲ್ಲಿ ಅಳುವನ್ನೂ ಸದ್ದನ್ನೂ ನೋಡುತ್ತೇವೆ. ತನ್ನಷ್ಟಕ್ಕೆ ಊ ಆ ಅನ್ನುತ್ತಾ ತೊದಲುತ್ತಾ ಇದ್ದರೆ 5. ಕಿರಿಕಿರಿಯ, ಸಮಾಧಾನವಾಗದ ಅಳು ಇದ್ದರೆ 4. ನೋವು ಮಾಡಿದಾಗ ಮಾತ್ರ ಅತ್ತರೆ 3, ನೋವಿಗೆ ಬರೀ ನರಳಿದರೆ 2, ಸದ್ದೇ ಇಲ್ಲದಿದ್ದರೆ 1. ಚಲನೆಯಲ್ಲಿ ತಾನಾಗಿ ಕೈಕಾಲು ಆಡಿಸಿ ವಸ್ತು ಹಿಡಿಯಲು ಹೋದರೆ 6, ಮುಟ್ಟಿದರೆ ಎಳೆದುಕೊಂಡರೆ 5, ನೋವಿಗೆ ಎಳೆದುಕೊಂಡರೆ 4. ನೋವಿಗೆ ಕೈ ಒಳಕ್ಕೆ ಮಡಚಿ ಬಿಗಿಯಾದರೆ 3, ಕೈಕಾಲು ಎರಡೂ ಸೆಟೆದು ಚಾಚಿಕೊಂಡರೆ 2, ಏನೂ ಇಲ್ಲದಿದ್ದರೆ 1. ಈ 3 ಮತ್ತು 2 ಕಂಡರೆ ಬೇರೇನನ್ನೂ ನೋಡುತ್ತಾ ಕೂರದೆ ಸಹಾಯಕ್ಕೆ ಕೂಗಿ.

ನೋವು ಕೊಡುವುದು ಅಂದರೆ ಎದೆಮೂಳೆ ತಿಕ್ಕುವುದು ಅಂತ ಕೆಲವರು ಈಗಲೂ ಕಲಿಸುತ್ತಾರೆ. ಬೇಡ, ಚರ್ಮ ಕಂದುತ್ತದೆ. ಉಗುರಿನ ಮೇಲೆ ಪೆನ್ನಿನಿಂದ ಒತ್ತುವುದು, ಕುತ್ತಿಗೆ ಮತ್ತು ಭುಜದ ನಡುವಿನ ಸ್ನಾಯುವನ್ನು ಹಿಂಡುವುದು ಸಾಕು. ಒತ್ತಡವನ್ನು ನಿಧಾನವಾಗಿ ಜಾಸ್ತಿ ಮಾಡಿ, ಪ್ರತಿಕ್ರಿಯೆ ಕಂಡ ಕೂಡಲೇ ಬಿಡಿ. ಎರಡೂ ಕೈಗಳನ್ನು ನೋಡಿ, ಚೆನ್ನಾಗಿ ಆಡುವ ಕೈಯ ಅಂಕಿಯನ್ನು ಜಿಸಿಎಸ್‌ಗೆ ಬರೆಯಿರಿ, ಸೋತ ಕೈಯ ವಿಷಯ ಬೇರೆ ಸಾಲಿನಲ್ಲಿ ಹಾಕಿ.

ಎಷ್ಟು ಇಳಿದರೆ ಕರೆಯಬೇಕು? ಒಟ್ಟು 2 ಅಂಕ ಇಳಿದರೆ ತಕ್ಷಣ. ಚಲನೆಯಲ್ಲಿ 1 ಇಳಿದರೂ ತಕ್ಷಣ. 8 ಅಥವಾ ಅದಕ್ಕಿಂತ ಕಡಿಮೆ ಅಂದರೆ ಮಗು ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳಲಾರದು ಅಂತ ತಿಳಿದು ಸಕ್ಷನ್ (ಕಫ, ಜೊಲ್ಲು ಹೀರುವ ಯಂತ್ರ), ಆಕ್ಸಿಜನ್, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹತ್ತಿರ ಎಳೆದುಕೊಂಡೇ ಫೋನ್ ಎತ್ತಿ.

ಪಾಪೆ ನೋಡುವಾಗ ರೂಮಿನ ಬೆಳಕು ಕಡಿಮೆ ಮಾಡಿ, ಟಾರ್ಚನ್ನು ಕಣ್ಣಿನ ಪಕ್ಕದಿಂದ ತನ್ನಿ. ಗಾತ್ರವನ್ನು ಮಿಲಿಮೀಟರಿನಲ್ಲಿ ಬರೆಯಿರಿ, 'ನಾರ್ಮಲ್' ಅಂತ ಬರೆದರೆ ಮುಂದಿನವರಿಗೆ ಏನೂ ಸಿಗುವುದಿಲ್ಲ. ಮಂಕಾಗಿರುವ ಮಗುವಿನಲ್ಲಿ ಒಂದು ಪಾಪೆ ದೊಡ್ಡದಾಗಿ ಬೆಳಕಿಗೆ ಕುಗ್ಗದೇ ಹೋದರೆ ಮೆದುಳು ಕೆಳಕ್ಕೆ ಜಾರಿ, ಪಾಪೆಯನ್ನು ಕುಗ್ಗಿಸುವ ಮೂರನೇ ನರವನ್ನು ಒತ್ತುತ್ತಿದೆ ಅಂತಲೇ ಲೆಕ್ಕ. ಅಲ್ಲಿ ನಿಮಿಷಗಳು ಮುಖ್ಯ. ಮಕ್ಕಳ ವಾರ್ಡಿನಲ್ಲಿ ಒಂದು ವಿಚಿತ್ರವೂ ನಡೆಯುತ್ತದೆ: ಉಸಿರಿನ ದಾರಿ ಅಗಲಿಸುವ ಇಪ್ರಾಟ್ರೋಪಿಯಂ ಔಷಧಿಯನ್ನು ಆವಿಯಾಗಿ (ನೆಬ್ಯುಲೈಸೇಶನ್) ಕೊಡುವಾಗ ಮಾಸ್ಕ್ ಸಡಿಲವಾಗಿದ್ದು ಆವಿ ಒಂದು ಕಣ್ಣಿಗೆ ಹೋದರೆ ಆ ಕಣ್ಣಿನ ಪಾಪೆ ಮಾತ್ರ ಅಗಲವಾಗುತ್ತದೆ. ಮಗು ಆಡಿಕೊಂಡು ಇರುತ್ತದೆ, ಸಿಸ್ಟರ್ ಎದೆ ಧಸಕ್ಕನ್ನುತ್ತದೆ. ಇದು ಗೊತ್ತಿದ್ದರೆ ಒಳ್ಳೆಯದು, ಆದರೆ ಇದೇ ಕಾರಣ ಅಂತ ನೀವೇ ತೀರ್ಮಾನ ಮಾಡಬೇಡಿ. ಡಾಕ್ಟರಿಗೆ ಎರಡನ್ನೂ ಹೇಳಿ: ಪಾಪೆ ಹೀಗಿದೆ, ಒಂದು ಗಂಟೆ ಹಿಂದೆ ನೆಬ್ಯುಲೈಸೇಶನ್ ಆಗಿದೆ.

ತಲೆಬುರುಡೆಯೊಳಗೆ ಒತ್ತಡ ಏರಿದಾಗ ಬರುವ ಕುಶಿಂಗ್ ಟ್ರೈಯಾಡ್ ನೀವು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಮೇಲಿನ ಬಿಪಿ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ಲಯ ತಪ್ಪುತ್ತದೆ. ಶಾಕ್‌ನಲ್ಲಿ (ರಕ್ತಸಂಚಾರ ಕುಸಿದಾಗ) ಆಗುವುದಕ್ಕೆ ತದ್ವಿರುದ್ಧ. ಪರೀಕ್ಷೆಯಲ್ಲಿ ಅಷ್ಟು ಸಾಕು, ವಾರ್ಡಿನಲ್ಲಿ ಸಾಲದು, ಯಾಕೆಂದರೆ ಇದು ತೀರಾ ತಡವಾಗಿ ಬರುವ ಲಕ್ಷಣ. ಇದು ಬರಲಿ ಅಂತ ಕಾಯುವವರು ಮಗುವನ್ನು ಕಳೆದುಕೊಳ್ಳುತ್ತಾರೆ. ಮೊದಲು ಬರುವುದು ಕಿರಿಕಿರಿ, ತಲೆನೋವು, ವಾಂತಿ, ಮಂಕು. ಕೂಸಿನಲ್ಲಿ ಇನ್ನೂ ಕೆಲವು ಸುಳಿವು ಸಿಗುತ್ತವೆ. ನೆತ್ತಿಯ ಮುಂದಿನ ಮೆತ್ತನೆ ಜಾಗ ಸಾಮಾನ್ಯವಾಗಿ 12 ರಿಂದ 18 ತಿಂಗಳ ಹೊತ್ತಿಗೆ ಮುಚ್ಚುತ್ತದೆ. ಅಲ್ಲಿಯವರೆಗೆ ಅದು ನಿಮಗೆ ತೆರೆದ ಕಿಟಕಿ. ಮಗುವನ್ನು ಕೂರಿಸಿ ಹಿಡಿದುಕೊಂಡು, ಅಳು ನಿಂತಮೇಲೆ ಬೆರಳು ಆಡಿಸಿ ನೋಡಿ. ಅಳುವಾಗ ಯಾವ ಮಗುವಿನದಾದರೂ ಉಬ್ಬುತ್ತದೆ. ಸುಮ್ಮನಿದ್ದಾಗಲೂ ಉಬ್ಬಿ ಬಿಗಿಯಾಗಿದ್ದರೆ ಒತ್ತಡ, ಗುಳಿಬಿದ್ದಿದ್ದರೆ ನೀರಿನ ಕೊರತೆ. ತೀಕ್ಷ್ಣವಾದ, ಕೀರಲು ದನಿಯ ಅಳು, ದಿನದಿನಕ್ಕೆ ದೊಡ್ಡದಾಗುವ ತಲೆಸುತ್ತಳತೆ, ಮೇಲೆ ಬಿಳಿಭಾಗ ಕಾಣುವ ಹಾಗೆ ಕಣ್ಣು ಕೆಳಗಿಳಿದಿರುವುದು, ಇವೂ ಅದೇ ದಾರಿಯವು. ಸುತ್ತಳತೆಯನ್ನು ದಿನಾ ಒಂದೇ ಜಾಗದಲ್ಲಿ, ಒಂದೇ ಟೇಪಿನಿಂದ ಅಳೆಯಿರಿ.

ಒತ್ತಡ ಇಳಿಸಲು ಔಷಧಿಯ ಹೊರತಾಗಿ ನಿಮ್ಮ ಕೈಯಲ್ಲೇ ಇರುವುದು ಬಹಳ. ಹಾಸಿಗೆಯ ತಲೆಭಾಗ 30 ಡಿಗ್ರಿ ಎತ್ತಿ. ಕುತ್ತಿಗೆ ನೆಟ್ಟಗಿರಲಿ, ಒಂದು ಕಡೆಗೆ ತಿರುಗಿದ್ದರೆ ತಲೆಯಿಂದ ರಕ್ತ ಇಳಿಯುವ ರಕ್ತನಾಳ ಮಡಚಿಕೊಳ್ಳುತ್ತದೆ. ಸೊಂಟ ಜಾಸ್ತಿ ಮಡಚಬೇಡಿ, ಮಲಬದ್ಧತೆ ಆಗಲು ಬಿಡಬೇಡಿ. ಸಕ್ಷನ್ ಮೊದಲು ಆಕ್ಸಿಜನ್ ಕೊಟ್ಟು, ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ. ಬಟ್ಟೆ ಬದಲಾವಣೆ, ಸಕ್ಷನ್, ರಕ್ತ ತೆಗೆಯುವುದು, ಎಲ್ಲವನ್ನೂ ಒಂದರ ಬೆನ್ನಿಗೊಂದು ಮಾಡಿದರೆ ಒತ್ತಡ ಏರುತ್ತಲೇ ಹೋಗುತ್ತದೆ, ನಡುವೆ ಬಿಡುವು ಕೊಡಿ. ಒತ್ತಡ ಇಳಿಸುವ ಔಷಧಿ ಮ್ಯಾನಿಟಾಲ್ ಕೊಡುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ಹರಳು ಇದೆಯಾ ನೋಡಿ, ಫಿಲ್ಟರ್ ಇರುವ ಸೆಟ್ ಬಳಸಿ, ಮೂತ್ರದ ಲೆಕ್ಕ ಇಡಿ.

ಫಿಟ್ಸ್ ವಿಷಯಕ್ಕೆ ಬರೋಣ, ನಿಮ್ಮ ಭಯದ ಅರ್ಧ ಭಾಗ ಇದೇ ಇರಬೇಕು. ಮಗು ಸೆಟೆದುಕೊಂಡ ತಕ್ಷಣ ನೀವು ಮಾಡಬೇಕಾದ ಮೊದಲ ಕೆಲಸ ಗಡಿಯಾರ ನೋಡುವುದು. ನಿಜ. ಭಯದಲ್ಲಿ 1 ನಿಮಿಷ 10 ನಿಮಿಷದಂತೆ ಅನ್ನಿಸುತ್ತದೆ, ಮತ್ತು ಔಷಧಿ ಕೊಡುವ ತೀರ್ಮಾನವೆಲ್ಲ ಸಮಯದ ಮೇಲೆಯೇ ನಿಂತಿದೆ. ಸಹಾಯಕ್ಕೆ ಕರೆದು, ಮಗುವನ್ನು ಪಕ್ಕಕ್ಕೆ ತಿರುಗಿಸಿ, ಕುತ್ತಿಗೆಯ ಬಟ್ಟೆ ಸಡಿಲಿಸಿ, ಹತ್ತಿರದ ಗಟ್ಟಿ ವಸ್ತುಗಳನ್ನು ಸರಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ಬಟ್ಟೆ ಏನೂ ಹಾಕಬೇಡಿ. ನಾಲಿಗೆ ನುಂಗಿಬಿಡುತ್ತದೆ ಅನ್ನುವುದು ಸುಳ್ಳು, ಮುರಿದ ಹಲ್ಲು ಉಸಿರಿನ ದಾರಿಗೆ ಇಳಿಯುವುದು ಮಾತ್ರ ನಿಜವಾಗಿ ಆಗಬಹುದು. ಆಕ್ಸಿಜನ್ ಇಡಿ, ಜೊಲ್ಲು ಇದ್ದರೆ ಕೆನ್ನೆಯ ಒಳಭಾಗದಿಂದ ಮೆಲ್ಲಗೆ ಸಕ್ಷನ್ ಮಾಡಿ. ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ, ಅದನ್ನು ಮರೆತು ಫಿಟ್ಸ್ ಔಷಧಿ ಮೇಲೆ ಔಷಧಿ ಕೊಟ್ಟರೆ ಪ್ರಯೋಜನವಿಲ್ಲ.

ಕೈ ಕೆಲಸ ಮಾಡುತ್ತಿರುವಾಗ ಕಣ್ಣು ನೋಡುತ್ತಿರಲಿ. ಎಲ್ಲಿಂದ ಶುರುವಾಯಿತು? ಕಣ್ಣು ಯಾವ ಕಡೆಗೆ ವಾಲಿತು? ಎರಡೂ ಕಡೆ ಸಮನಾಗಿ ಇತ್ತಾ? ಬಣ್ಣ ನೀಲಿಯಾಯಿತಾ? ಡಾಕ್ಟರ್ ಬರುವಷ್ಟರಲ್ಲಿ ಫಿಟ್ಸ್ ನಿಂತಿರುತ್ತದೆ. ನೋಡಿದ ಸಾಕ್ಷಿ ನೀವೊಬ್ಬರೇ.

5 ನಿಮಿಷ ದಾಟಿದರೆ ಅದನ್ನು ಸ್ಟೇಟಸ್ ಎಪಿಲೆಪ್ಟಿಕಸ್ (ತಾನಾಗಿ ನಿಲ್ಲದ ಫಿಟ್ಸ್) ಅಂತ ತಿಳಿದು ಚಿಕಿತ್ಸೆ ಶುರು. ಮೊದಲು 30 ನಿಮಿಷ ಅನ್ನುತ್ತಿದ್ದರು, ಈಗ ಹಾಗಿಲ್ಲ. ಐವಿ ಇದ್ದರೆ ಲೊರಾಜೆಪಾಮ್ ಕೆಜಿಗೆ 0.1 ಮಿಗ್ರಾಂ, ಒಂದು ಸಲಕ್ಕೆ 4 ಮಿಗ್ರಾಂ ಮೀರದಂತೆ. ಐವಿ ಇಲ್ಲದಿದ್ದರೆ ಮೂಗಿಗೆ ಅಥವಾ ಕೆನ್ನೆಯೊಳಕ್ಕೆ ಮಿಡಜೋಲಾಮ್, ಇಲ್ಲವೇ ಗುದದ್ವಾರದಿಂದ ಡಯಾಜೆಪಾಮ್. ನಿಮ್ಮ ಘಟಕದ ಲಿಖಿತ ಪ್ರೋಟೋಕಾಲ್ ಏನು ಹೇಳುತ್ತದೆ ಅಂತ ಇವತ್ತೇ ಓದಿಟ್ಟುಕೊಳ್ಳಿ, ಫಿಟ್ಸ್ ಮಧ್ಯೆ ಫೈಲ್ ಹುಡುಕಬೇಡಿ. ಕೊಟ್ಟ ಮೇಲೆ ಉಸಿರು ನಿಧಾನವಾಗಬಹುದು, ಅದಕ್ಕೇ ಆಂಬು ಬ್ಯಾಗ್ ಪಕ್ಕದಲ್ಲಿರಬೇಕು. ಆಮೇಲೆ ಫಿಟ್ಸ್‌ನ ಇನ್ನೊಂದು ಔಷಧಿ ಫೆನಿಟಾಯಿನ್ ಕೊಡಲು ಆರ್ಡರ್ ಬಂದರೆ ನಾರ್ಮಲ್ ಸಲೈನಿನಲ್ಲೇ ಹಾಕಿ, ಡೆಕ್ಸ್‌ಟ್ರೋಸ್ ಸೇರಿಸಿದರೆ ಒಡೆದು ಹರಳುಗಟ್ಟುತ್ತದೆ. ಮಕ್ಕಳಿಗೆ ನಿಮಿಷಕ್ಕೆ ಕೆಜಿಗೆ 1 ಮಿಗ್ರಾಂಗಿಂತ ವೇಗ ಬೇಡ. ಇಸಿಜಿ, ಬಿಪಿ ನೋಡುತ್ತಾ ಕೊಡಿ, ಐವಿ ಜಾಗ ಊದುತ್ತಿದೆಯಾ ಅಂತಲೂ ನೋಡಿ.

ಫಿಟ್ಸ್ ನಿಂತ ಮೇಲೆ ಮಗು ಮಲಗುತ್ತದೆ. ಅದು ಸಹಜ. ಆದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಆದರೂ ಸ್ವಲ್ಪವೂ ಎಚ್ಚರದ ಕಡೆಗೆ ಬರುತ್ತಿಲ್ಲ, ಕಣ್ಣು ಒಂದೇ ಕಡೆ ಮಿಟುಕುತ್ತಿದೆ ಅಂದರೆ ಕೈಕಾಲು ಅಲ್ಲಾಡದೆಯೇ ಒಳಗೆ ಫಿಟ್ಸ್ ನಡೆಯುತ್ತಿರಬಹುದು. ಹೇಳಲೇಬೇಕು. ಒಂದು ಕಡೆಯ ಕೈಕಾಲು ಕೆಲವು ಗಂಟೆ ಸೋತಂತೆ ಇರುವುದೂ ಉಂಟು. ನವಜಾತ ಶಿಶುಗಳ ಫಿಟ್ಸ್ ಇನ್ನೂ ಕಳ್ಳ: ತುಟಿ ಚಪ್ಪರಿಸುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಸುಮ್ನೆ ಉಸಿರು ನಿಲ್ಲಿಸುವುದು. ಕೈ ನಡುಗುತ್ತಿದ್ದರೆ ಮೆಲ್ಲಗೆ ಹಿಡಿದು ನೋಡಿ. ಹಿಡಿದಾಗ ನಿಂತರೆ ಬಹುಶಃ ಬರೀ ನಡುಕ, ಹಿಡಿದರೂ ಕೈಯೊಳಗೆ ಮಿಡಿಯುತ್ತಲೇ ಇದ್ದರೆ ಫಿಟ್ಸ್. ನಡುಕವೇ ಆದರೂ ಸಕ್ಕರೆ ನೋಡಿ.

ಜ್ವರದ ಫಿಟ್ಸ್ ಬೇರೆ ಜಾತಿ. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2 ರಿಂದ 5 ಮಕ್ಕಳಿಗೆ ಬರುತ್ತದೆ. ಇಡೀ ಮೈ ಸೆಳೆದು, 15 ನಿಮಿಷದೊಳಗೆ ನಿಂತು, 24 ಗಂಟೆಯಲ್ಲಿ ಮತ್ತೆ ಬಾರದಿದ್ದರೆ ಅದು ಸರಳ ಮಾದರಿ. ಮೆದುಳಿಗೆ ಹಾನಿ ಆಗುವುದಿಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮತ್ತೆ ಬರಬಹುದು, ಅದನ್ನು ತಂದೆತಾಯಿಗೆ ಮುಚ್ಚಿಡದೆ ಹೇಳಿ. ಪ್ಯಾರಾಸಿಟಮಾಲ್ ಕೊಟ್ಟರೆ ಮಗುವಿಗೆ ಆರಾಮ ಸಿಗುತ್ತದೆ, ಮುಂದಿನ ಫಿಟ್ಸ್ ಮಾತ್ರ ತಡೆಯುವುದಿಲ್ಲ. ಇದನ್ನು ಹೇಳದೇ ಹೋದರೆ 'ಔಷಧಿ ಕೊಡಲು ತಡ ಮಾಡಿದೆ, ನನ್ನಿಂದಲೇ ಆಯಿತು' ಅಂತ ಆ ತಾಯಿ ವರ್ಷಗಟ್ಟಲೆ ಕೊರಗುತ್ತಾಳೆ. ಪ್ಯಾರಾಸಿಟಮಾಲ್ ಪ್ರಮಾಣ ಕೆಜಿಗೆ 15 ಮಿಗ್ರಾಂ, 4 ರಿಂದ 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರದಂತೆ. ಐಸ್ ನೀರಲ್ಲಿ ಒರೆಸುವುದು ಬೇಡ, ಮಗು ನಡುಗಿ ಒಳಗಿನ ಬಿಸಿ ಇನ್ನೂ ಏರುತ್ತದೆ. ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ, ಮೆದುಳು, ಯಕೃತ್ತು ಕೆಡಿಸುವ ರೈ ಸಿಂಡ್ರೋಮ್ ಭಯ ಇದೆ.

ಜ್ವರದ ಫಿಟ್ಸ್ ಅಂದುಕೊಂಡದ್ದು ಮೆದುಳು ಜ್ವರ ಆಗಿರಬಹುದು, ಆದ್ದರಿಂದ ಫಿಟ್ಸ್ ನಂತರದ ಗಂಟೆಗಳು ಮುಖ್ಯ. ಸರಳ ಜ್ವರದ ಫಿಟ್ಸ್ ಆದ ಮಗು ಸ್ವಲ್ಪ ಹೊತ್ತಿಗೆ ಎದ್ದು ಅಮ್ಮನ ಕುತ್ತಿಗೆ ತಬ್ಬುತ್ತದೆ. ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಇರುವ ಮಗು ಮಂಕಾಗೇ ಉಳಿಯುತ್ತದೆ. ದೊಡ್ಡ ಮಕ್ಕಳಲ್ಲಿ ಕುತ್ತಿಗೆ ಬಿಗಿತ, ಬೆಳಕು ಸಹಿಸದಿರುವುದು ಸಿಗುತ್ತವೆ. ಒಂದು ವರ್ಷದೊಳಗಿನ ಕೂಸಿನಲ್ಲಿ ಕುತ್ತಿಗೆ ಮೆತ್ತಗೇ ಇರಬಹುದು. ಅಲ್ಲಿ ನೋಡಬೇಕಾದದ್ದು ಹಾಲು ಕುಡಿಯುವುದು ಬಿಟ್ಟಿದೆಯಾ, ಎತ್ತಿಕೊಂಡರೆ ಏನಾಗುತ್ತದೆ ಅಂತ. ಸಾಮಾನ್ಯವಾಗಿ ಕೂಸು ಎತ್ತಿಕೊಂಡರೆ ಅಳು ನಿಲ್ಲಿಸುತ್ತದೆ. ಮೆನಿಂಜೈಟಿಸ್ ಇದ್ದರೆ ಮಲಗಿಸಿದಾಗ ಸುಮ್ಮನಿದ್ದು, ಎತ್ತಿಕೊಂಡ ಕೂಡಲೇ ಚೀರಬಹುದು, ಯಾಕೆಂದರೆ ಮೈ ಮಡಚಿದಾಗ ನೋವಾಗುತ್ತದೆ. 'ಎತ್ತಿಕೊಂಡರೂ ಸಮಾಧಾನ ಆಗ್ತಿಲ್ಲ' ಅಂತ ತಾಯಿ ಹೇಳಿದರೆ ಹಟ ಅಂತ ತಳ್ಳಿಹಾಕಬೇಡಿ. ಬಟ್ಟೆ ಬಿಚ್ಚಿ ಇಡೀ ಮೈ ನೋಡಿ. ಕೆಂಪು ಅಥವಾ ನೇರಳೆ ಚುಕ್ಕಿ ಇದ್ದರೆ ಗಾಜಿನ ಲೋಟ ಒತ್ತಿ ನೋಡಿ, ಒತ್ತಿದರೂ ಮಾಸದಿದ್ದರೆ ಓಡಿ.

ಇಲ್ಲಿ ನರ್ಸಿನ ದೊಡ್ಡ ಕೊಡುಗೆ ಸಮಯ. ಪರೀಕ್ಷೆಗೆ ಬೆನ್ನುಮೂಳೆಯೊಳಗಿನ ನೀರನ್ನು ಸೊಂಟದಲ್ಲಿ ತೆಗೆಯುವುದು (ಲಂಬಾರ್ ಪಂಕ್ಚರ್) ಯಾವ ಕಾರಣಕ್ಕಾದರೂ ತಡವಾಗುತ್ತಿದ್ದರೆ ಆಂಟಿಬಯಾಟಿಕ್ ಈಗಲೇ ಕೊಡಲಾ ಅಂತ ಬಾಯಿಬಿಟ್ಟು ಕೇಳಿ. ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಸೋನ್ ಬರೆದಿದ್ದರೆ ಅದು ಮೊದಲ ಆಂಟಿಬಯಾಟಿಕ್ಕಿನ ಮುಂಚೆ ಅಥವಾ ಜೊತೆಗೇ ಹೋಗಬೇಕು. ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ಅನುಮಾನ ಇದ್ದರೆ ಆಂಟಿಬಯಾಟಿಕ್ ಶುರುವಾಗಿ 24 ಗಂಟೆ ತನಕ ಮಾಸ್ಕ್, ಪ್ರತ್ಯೇಕ ಕೋಣೆ. ಮಗು ವಾಸಿಯಾದ ಮೇಲೆ ಕಿವಿ ಪರೀಕ್ಷೆ ಬರೆದಿದ್ದಾರಾ ನೋಡಿ, ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಇದೇ ಬಿಟ್ಟುಹೋಗುತ್ತದೆ.

ಇಲ್ಲೊಂದು ಗೊಂದಲ ಬರುತ್ತದೆ. ಮಂಕಾದ ಮಗು ಅಂದರೆ ಮೆದುಳಿನ ಕಾಯಿಲೆಯೇ ಅಂತ ಏನಿಲ್ಲ. ನೀರಿನ ಕೊರತೆ, ಸಕ್ಕರೆ ಇಳಿದದ್ದು, ಆಕ್ಸಿಜನ್ ಸಾಲದ್ದು, ಎಲ್ಲವೂ ಮಂಕಾಗೇ ಕಾಣುತ್ತವೆ. ಆದ್ದರಿಂದ ಮಂಕು ಕಂಡ ತಕ್ಷಣ ನಾನು ನೋಡುವ ಕ್ರಮ: ಉಸಿರು, ರಕ್ತಸಂಚಾರ, ಸಕ್ಕರೆ, ಆಮೇಲೆ ಜಿಸಿಎಸ್ ಮತ್ತು ಪಾಪೆ. ಎಲ್ಲ ಸೇರಿ ಕೆಲವೇ ನಿಮಿಷ.

ಉಸಿರನ್ನು ಮಗು ಸುಮ್ಮನಿರುವಾಗ, ಬಟ್ಟೆ ಎತ್ತಿ, ಪೂರ್ತಿ 1 ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ ಕೂಸುಗಳಲ್ಲಿ ಲೆಕ್ಕ ಕೆಡುತ್ತದೆ, ಅವುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2 ತಿಂಗಳೊಳಗೆ 60, 2 ರಿಂದ 12 ತಿಂಗಳಿಗೆ 50, 1 ರಿಂದ 5 ವರ್ಷಕ್ಕೆ 40, ಇಷ್ಟು ಅಥವಾ ಮೇಲಿದ್ದರೆ ವೇಗದ ಉಸಿರು. ಪಕ್ಕೆ ಒಳಕ್ಕೆ ಎಳೆದುಕೊಳ್ಳುವುದು, ಉಸಿರು ಬಿಡುವಾಗ ಮುಲುಕುವುದು ಕಂಡರೆ ಸಂಖ್ಯೆ ಎಷ್ಟಿದ್ದರೂ ಕರೆಯಿರಿ. ವೇಗವಾಗಿ ಉಸಿರಾಡುತ್ತಿದ್ದ ಮಗು ದಣಿದು ನಿಧಾನವಾದರೆ ಸುಧಾರಿಸಿತು ಅಂತ ಖುಷಿಪಡಬೇಡಿ. ಗಂಟಲಿನಿಂದ ಕರ್ಕಶ ಸದ್ದು ಬರುತ್ತಾ, ಜೊಲ್ಲು ಸುರಿಸಿಕೊಂಡು ಮುಂದಕ್ಕೆ ಬಾಗಿ ಕೂತಿರುವ ಮಗುವಿನ ಬಾಯಿಗೆ ಟಂಗ್ ಡಿಪ್ರೆಸರ್ ಹಾಕಿ ನೋಡಲು ಹೋಗಬೇಡಿ. ಅಮ್ಮನ ಮಡಿಲಲ್ಲೇ ಕೂತಿರಲಿ.

ರಕ್ತಸಂಚಾರಕ್ಕೆ ಎದೆಮೂಳೆ ಮೇಲೆ ಬೆರಳನ್ನು 5 ಸೆಕೆಂಡ್ ಒತ್ತಿ ಬಿಡಿ, ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ತೊಂದರೆ ಶುರುವಾಗಿದೆ. ಕೈಕಾಲು ತಣ್ಣಗಿವೆಯಾ, ನಾಡಿ ವೇಗವಾಗಿದೆಯಾ? 1 ರಿಂದ 10 ವರ್ಷದ ಮಕ್ಕಳಿಗೆ ವಯಸ್ಸನ್ನು 2ರಿಂದ ಗುಣಿಸಿ 70 ಕೂಡಿಸಿ. ಮೇಲಿನ ಬಿಪಿ ಅದಕ್ಕಿಂತ ಕೆಳಗಿದ್ದರೆ ಕಡಿಮೆ. 4 ವರ್ಷದ ಮಗುವಿಗೆ 78. ಅಲ್ಲಿಗೆ ಬರುವ ಮೊದಲೇ ನೀವು ಕರೆದಿರಬೇಕು. ಮೂತ್ರ ಗಂಟೆಗೆ ಕೆಜಿಗೆ 1 ಮಿ.ಲೀ. ಆದರೂ ಬರುತ್ತಿರಬೇಕು. ಡೈಪರ್ ತೂಕ ಹಾಕಿ, ಒಣ ಡೈಪರಿನ ತೂಕ ಕಳೆಯಿರಿ, 1 ಗ್ರಾಂ ಅಂದರೆ 1 ಮಿ.ಲೀ.

ಭೇದಿಯ ಮಗು ನೀರು ಕಂಡರೆ ಆಸೆಯಿಂದ ಗಟಗಟ ಕುಡಿಯುತ್ತಿದ್ದರೆ, ಕಿರಿಕಿರಿ ಮಾಡುತ್ತಿದ್ದರೆ ಕೊರತೆ ಮಧ್ಯಮ. ಕೆಜಿಗೆ 75 ಮಿ.ಲೀ. ಓಆರ್‌ಎಸ್ 4 ಗಂಟೆಯಲ್ಲಿ, ಚಮಚ ಚಮಚವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ. ಕುಡಿಯಲು ಆಗದಷ್ಟು ಮಂಕಾಗಿ, ಹೊಟ್ಟೆಯ ಚರ್ಮ ಚಿವುಟಿದರೆ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಐವಿ ಬೇಕು, ಬಾಯಿಗೆ ಏನೂ ಸುರಿಯಬೇಡಿ. ಸಕ್ಕರೆ 54ಕ್ಕಿಂತ ಕೆಳಗಿದ್ದರೆ ತಡಮಾಡದೆ ಹೇಳಿ, ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ ಮತ್ತೆ ಅಳೆಯಿರಿ.

ಔಷಧಿ ಲೆಕ್ಕದ ಬಗ್ಗೆ ಎರಡೇ ಮಾತು. ತೂಕ ಇವತ್ತಿನದ್ದಾ ನೋಡಿ. ಮಕ್ಕಳಲ್ಲಿ ಭಯಂಕರ ತಪ್ಪು ಅಂದರೆ ಹತ್ತು ಪಟ್ಟಿನದ್ದು, ಅದು ಬರುವುದು ಚುಕ್ಕಿಯಿಂದ. 0.5 ಅಂತ ಬರೆಯಿರಿ, ಬರೀ .5 ಬೇಡ, 5 ಅಂತ ಬರೆಯಿರಿ, 5.0 ಬೇಡ. ಸಿರಿಂಜ್ ಕೈಗೆ ಸಹಜಕ್ಕಿಂತ ತುಂಬಿದೆ ಅನ್ನಿಸಿದರೆ ಇನ್ನೊಬ್ಬರ ಹತ್ತಿರ ಲೆಕ್ಕ ಮಾಡಿಸಿ.

ಮಾನಿಟರ್ ಪೂರ್ತಿ ಮೋಸ ಮಾಡುವ ಇನ್ನೊಂದು ಕಾಯಿಲೆ ಗಿಲನ್ ಬಾರೆ, ಕೈಕಾಲಿನ ನರಗಳು ಸೋಲುವ ಕಾಯಿಲೆ. ಕಾಲಿನಿಂದ ಶಕ್ತಿ ಕುಂದುತ್ತಾ ಮೇಲೇರುತ್ತದೆ. ಮಗು ಎಚ್ಚರವಾಗಿರುತ್ತದೆ, ಮಾತಾಡುತ್ತದೆ, ಆಕ್ಸಿಜನ್ ಅಂಕಿ 98 ತೋರಿಸುತ್ತದೆ. ಒಳಗೆ ಉಸಿರಿನ ಸ್ನಾಯು ಸೋಲುತ್ತಿರುತ್ತದೆ, ಆ ಅಂಕಿ ಬೀಳುವುದು ಕೊನೆಗೆ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತದೆ ಅಂತ ಪ್ರತಿ ಪಾಳಿಯಲ್ಲೂ ಬರೆಯಿರಿ. ಬೆಳಿಗ್ಗೆ 20ರ ತನಕ ಹೋಗಿದ್ದ ಹುಡುಗಿ ರಾತ್ರಿ 11ಕ್ಕೆ ನಿಂತರೆ ಅದೇ ಎಚ್ಚರಿಕೆ. ಕೆಮ್ಮು ದುರ್ಬಲವಾಗಿದೆಯಾ, ಜೊಲ್ಲು ನುಂಗುತ್ತಿದೆಯಾ ನೋಡಿ. ನುಂಗುವುದು ಅನುಮಾನ ಅಂದರೆ ಬಾಯಿಗೆ ಏನೂ ಬೇಡ.

ಕೊನೆಗೆ ಆ ಫೋನ್ ಕರೆ. 'ಡಾಕ್ಟರ್, ಮಗು ಯಾಕೋ ಸರಿ ಇಲ್ಲ' ಅಂದರೆ ನಿದ್ದೆಗಣ್ಣಲ್ಲಿರುವವರು 'ನೋಡ್ತಿರಿ' ಅಂದುಬಿಡುತ್ತಾರೆ. ಹೀಗೆ ಹೇಳಿ: '6ನೇ ಬೆಡ್, 3 ವರ್ಷದ ಹುಡುಗ, ತಲೆಗೆ ಪೆಟ್ಟು. 1 ಗಂಟೆಗೆ ಜಿಸಿಎಸ್ 15 ಇತ್ತು, ಈಗ 13. ಇ3 ವಿ4 ಎಂ6. ಎರಡು ಸಲ ವಾಂತಿ ಆಗಿದೆ. ಪಾಪೆ ಎರಡೂ 3 ಮಿಲಿಮೀಟರ್, ಬೆಳಕಿಗೆ ಕುಗ್ಗುತ್ತಿವೆ. ಸಕ್ಕರೆ 96. ಈಗಲೇ ಬಂದು ನೋಡಬೇಕು.' ಕರೆ ಮಾಡುವ ಮೊದಲು ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ದನಿ ನಡುಗಿದರೂ ವಿಷಯ ತಪ್ಪುವುದಿಲ್ಲ. ಉಸಿರು ನಿಂತಿದ್ದರೆ, ಫಿಟ್ಸ್ ನಡೆಯುತ್ತಿದ್ದರೆ ಚೀಟಿ ಬೇಡ, ಕೂಗಿ. ಫೋನಿನಲ್ಲಿ ಕೊಟ್ಟ ಆರ್ಡರನ್ನು ಬರೆದುಕೊಂಡು ವಾಪಸ್ ಓದಿ ಹೇಳಿ. ಅವರು ಬರಲಿಲ್ಲ, ಮಗು ಇನ್ನೂ ಇಳಿಯುತ್ತಿದೆ ಅಂದರೆ ಅವರ ಮೇಲಿನವರಿಗೆ ಫೋನ್ ಮಾಡಿ, ಯಾವಾಗ ಯಾರಿಗೆ ಮಾಡಿದಿರಿ ಅಂತ ಸಮಯ ಸಮೇತ ಚಾರ್ಟಿನಲ್ಲಿ ಹಾಕಿ. ಕರೆದು ಬಂದು ನೋಡಿದಾಗ ಏನೂ ಇಲ್ಲ ಅಂತ ಆಗುವುದೂ ಉಂಟು. ಒಬ್ಬರು ಗೊಣಗಬಹುದು. ಗೊಣಗಲಿ ಬಿಡಿ, ಮುಂದಿನ ಅರ್ಧ ಗಂಟೆಗೆ ಮತ್ತೆ ಎಬ್ಬಿಸಿ ನೋಡಿ.